ಮೆಟ್ಟಿಲ ಮೇಲೊಂದು ಕಣ್ಣು

ಮೆಟ್ಟಿಲು ಇಳಿಯುವವರು ಕ್ಯಾಮೆರಾ ನೋಡುವುದಿಲ್ಲ. ಮೆಟ್ಟಿಲು ನೋಡುತ್ತಾರೆ. ಎದುರಿಗೆ ಯಾರೇ ನಿಂತಿರಲಿ, ಅವರ ಕೈಯಲ್ಲಿ ಎಷ್ಟೇ ದೊಡ್ಡ ಲೆನ್ಸ್ ಇರಲಿ, ಇಳಿಯುವವರ ಕಣ್ಣು ಎರಡು ಮೂರು ಮೆಟ್ಟಿಲು ಮುಂದಕ್ಕೆ ನೆಟ್ಟಿರುತ್ತದೆ. ಲ್ಯಾಂಡಿಂಗ್, ಅಂದರೆ ಎರಡು ಸಾಲು ಮೆಟ್ಟಿಲುಗಳ ನಡುವಿನ ಸಮತಟ್ಟು ಜಾಗ, ಬಂದಾಗಲೇ ತಲೆ ಮೇಲೇಳುವುದು. ಆಗ ಸುತ್ತ ನೋಡುತ್ತಾರೆ, ಉಸಿರು ಬಿಡುತ್ತಾರೆ, ಅಲ್ಲೊಬ್ಬರು ಫೋಟೋ ತೆಗೆಯುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಒಮ್ಮೆ ದಿಟ್ಟಿಸಿ ನೋಡುತ್ತಾರೆ. ಆಮೇಲೆ ಮುಂದಿನ ಸಾಲು ಮೆಟ್ಟಿಲು, ಮತ್ತೆ ತಲೆ ಕೆಳಗೆ.

ಇದನ್ನು ನಾನು ಗಮನಿಸಿದ್ದು ಒಂದು ಫೋಟೋ ಸವಾಲಿನ ನೆಪದಲ್ಲಿ. ಹವ್ಯಾಸಕ್ಕೆ ಫೋಟೋ ತೆಗೆಯುವ ನನ್ನಂಥವರಿಗೆ ಪ್ರತಿ ಸಲ ಒಂದು ವಿಷಯ ಕೊಡುತ್ತಾರೆ. ಈ ಸಲ ಎರಡು ಕೊಟ್ಟಿದ್ದರು: ಮೆಟ್ಟಿಲು, ಇಲ್ಲವೇ ದಿಟ್ಟ ನೋಟ. ಯಾವುದಾದರೂ ಆರಿಸಿಕೊಳ್ಳಿ, ಒಂದೇ ಒಂದು ಫೋಟೋ ಕಳಿಸಿ. ನಾನು ಮೆಟ್ಟಿಲು ಆರಿಸಿಕೊಂಡೆ. ತೆಗೆಯುತ್ತಾ ಹೋದ ಹಾಗೆ ಅವೆರಡೂ ಒಂದೇ ವಿಷಯ ಅಂತ ಗಟ್ಟಿಯಾಗಿ ಅನಿಸತೊಡಗಿತು. ಮೆಟ್ಟಿಲು ಇದ್ದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ. ಯಾರು ತಲೆ ಎತ್ತಿ ನೋಡಬೇಕು, ಯಾರು ತಲೆ ತಗ್ಗಿಸಿ ನೋಡಬಹುದು ಅನ್ನುವುದನ್ನು ಮೆಟ್ಟಿಲೇ ತೀರ್ಮಾನ ಮಾಡಿಬಿಡುತ್ತದೆ. ಫೋಟೋದಲ್ಲಿ ಮನುಷ್ಯರೇ ಇಲ್ಲದಿದ್ದರೂ ಒಂದು ನೋಟ ಅಂತೂ ಇದ್ದೇ ಇರುತ್ತದೆ. ಕ್ಯಾಮೆರಾ ಎಲ್ಲೋ ಒಂದು ಕಡೆ ನಿಂತಿರಲೇಬೇಕಲ್ವಾ? ಮೇಲೋ, ಕೆಳಗೋ, ಪಕ್ಕದಲ್ಲೋ.

ಕೆಳಗೆ ನಿಂತು ನೋಡಿದರೆ ಮೆಟ್ಟಿಲಿನ ಎದುರು ಮುಖಗಳೇ ಎದ್ದು ಕಾಣುತ್ತವೆ. ಒಂದರ ಮೇಲೊಂದು ಅಡ್ಡಪಟ್ಟಿ. ಮೇಲೆ ನಿಂತರೆ ಕಾಲಿಡುವ ಹಾಸುಗಳು ಮಾತ್ರ. ಎದುರು ಮುಖಗಳೆಲ್ಲ ಮಾಯ. ಬೆಳಕೂ ಚಪ್ಪಟೆಯಾಗಿದ್ದರೆ ಹಾಸುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರೀ ಇಳಿಜಾರಿನ ಹಾಗೆ ಕಾಣುತ್ತವೆ. ಮೆಟ್ಟಿಲ ಅಂಚಿಗೆ ಬೇರೆ ಬಣ್ಣದ ಪಟ್ಟಿ ಬಳಿಯುವುದು ಇದಕ್ಕೇ. ಇಳಿಯುವವರ ಕಣ್ಣಿಗೆ ಅಂಚು ಸಿಗಬೇಕು. ಸಿಗದಿದ್ದರೆ ಕಾಲು ತಪ್ಪುತ್ತದೆ. ಫೋಟೋ ನೋಡುವವರ ಕಣ್ಣಿಗೂ ಅದೇ ಅಂಚು ಬೇಕು.

ಈ ಮೇಲೆ ಕೆಳಗಿನ ಆಟವನ್ನು ಪೂರ್ತಿ ಬಳಸಿಕೊಂಡು ಕಟ್ಟಿದ ಮೆಟ್ಟಿಲು ಉಕ್ರೇನಿನ ಒಡೆಸಾ ನಗರದಲ್ಲಿದೆ. ಊರಿನಿಂದ ಬಂದರಿಗೆ ಇಳಿಯುವ ದಾರಿ ಅದು. 1837ರಿಂದ 1841ರ ನಡುವೆ ಕಟ್ಟಿದ್ದು. ಈಗ 192 ಮೆಟ್ಟಿಲುಗಳಿವೆ, ನಡುನಡುವೆ ಅಗಲವಾದ ಲ್ಯಾಂಡಿಂಗ್‌ಗಳು. ತುದಿಯಲ್ಲಿ ನಿಂತು ಕೆಳಗೆ ನೋಡಿದರೆ ಲ್ಯಾಂಡಿಂಗ್‌ಗಳು ಮಾತ್ರ ಕಾಣುತ್ತವೆ, ಮೆಟ್ಟಿಲು ಕಾಣುವುದಿಲ್ಲ. ಬುಡದಲ್ಲಿ ನಿಂತು ಮೇಲೆ ನೋಡಿದರೆ ಬರೀ ಮೆಟ್ಟಿಲು, ಲ್ಯಾಂಡಿಂಗ್ ಇಲ್ಲ. ಅಷ್ಟೇ ಅಲ್ಲ. ಮೇಲ್ಗಡೆ ಅಗಲ ಸುಮಾರು 12.5 ಮೀಟರ್, ಕೆಳಗಡೆ ಸುಮಾರು 21.7 ಮೀಟರ್. ದೂರದ್ದು ಚಿಕ್ಕದಾಗಿ ಕಾಣುವುದು ಹೇಗೂ ಇದ್ದದ್ದೇ. ಇಲ್ಲಿ ದೂರದ್ದು ನಿಜವಾಗಿಯೂ ಚಿಕ್ಕದು. ಹಾಗಾಗಿ ಬುಡದಲ್ಲಿ ನಿಂತವರಿಗೆ ಮೆಟ್ಟಿಲು ಇರುವುದಕ್ಕಿಂತ ಜಾಸ್ತಿ ಉದ್ದವಾಗಿ ಕಾಣುತ್ತದೆ. ತುದಿಯಲ್ಲಿ ನಿಂತವರಿಗೆ ಎರಡೂ ಅಂಚು ಸಮನಾಗಿ ಇಳಿದ ಹಾಗೆ ಕಾಣುತ್ತದೆ. ಹಡಗಿನಿಂದ ಇಳಿದು ಬಂದವರು ಬೆರಗಾಗಬೇಕು, ಊರಿನವರಿಗೆ ಎಲ್ಲ ಒಪ್ಪವಾಗಿ ಕಾಣಬೇಕು. ಕಲ್ಲು ಕಟ್ಟುವ ಮೊದಲೇ ಅಲ್ಲಿ ನೋಟವನ್ನು ಕಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ನಾವು ಲೆನ್ಸ್ ಬದಲಾಯಿಸಿ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ. ಅಗಲವಾದ ನೋಟ ಹಿಡಿಯುವ ವೈಡ್ ಆಂಗಲ್ ಲೆನ್ಸ್ ಹಾಕಿ ಮೊದಲ ಮೆಟ್ಟಿಲಿನ ಹತ್ತಿರವೇ ಕೂತರೆ ಅದು ಗೋಡೆಯಷ್ಟು ದೊಡ್ಡದಾಗುತ್ತದೆ, ಕೊನೆಯದು ಗೆರೆಯಾಗಿ ಹೋಗುತ್ತದೆ. ಹತ್ತುವವರಿಗೆ ಆಗುವ ಆಯಾಸ ಫೋಟೋದಲ್ಲಿ ಬರಬೇಕಾದರೆ ಇದು ಒಳ್ಳೆಯದು. ದೂರ ಹೋಗಿ, ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸ್‌ನಲ್ಲಿ ಎಳೆದುಕೊಂಡರೆ ಮೆಟ್ಟಿಲುಗಳೆಲ್ಲ ಒಂದೇ ಅಳತೆಯ ಪಟ್ಟಿಗಳಾಗುತ್ತವೆ. ಆಳ ಹೋಗುತ್ತದೆ, ಲಯ ಉಳಿಯುತ್ತದೆ. ಆ ಪಟ್ಟಿಗಳ ನಡುವೆ ಒಬ್ಬ ಮನುಷ್ಯ ಬಂದರೆ ಸಾಕು, ಕಣ್ಣು ಬೇರೆ ಎಲ್ಲೂ ಹೋಗುವುದಿಲ್ಲ. ಮೊಬೈಲ್‌ನಲ್ಲಿ ತೆಗೆಯುವವರೂ ಇದನ್ನು ಮಾಡಬಹುದು. ನಿಂತಲ್ಲೇ ನಿಂತು ಜೂಮ್ ಮಾಡಿದರೆ ಮಾತ್ರ ಇದು ಸಿಗುವುದಿಲ್ಲ. ಮೆಟ್ಟಿಲುಗಳ ಅಳತೆ ಬದಲಾಗುವುದು ನೀವು ನಿಂತ ದೂರದಿಂದ. ಲೆನ್ಸ್ ಆ ದೂರಕ್ಕೆ ತಕ್ಕ ಚೌಕಟ್ಟು ಹಾಕುತ್ತದೆ, ಅಷ್ಟೇ. ಕಾಲಿಗೆ ಕೆಲಸ ಕೊಡಲೇಬೇಕು.

ಪಕ್ಕದಿಂದ ತೆಗೆದ ಮೆಟ್ಟಿಲು ಬೇರೆಯೇ. ಅಲ್ಲಿ ಎದುರು ಮುಖವೂ ಉಂಟು, ಹಾಸೂ ಉಂಟು, ಹಲ್ಲುಹಲ್ಲಾದ ಒಂದು ಗೆರೆ. ಈ ಗೆರೆಗೆ ಒಂದು ವಿಚಿತ್ರ ಗುಣವಿದೆ. 1858ರಲ್ಲಿ ಹೈನ್ರಿಚ್ ಶ್ರೋಡರ್ ಅನ್ನುವ ಜರ್ಮನ್ ವಿಜ್ಞಾನಿ ಒಂದು ಮೆಟ್ಟಿಲ ಚಿತ್ರ ಬರೆದು ತೋರಿಸಿದರು. ಅದನ್ನು ನೋಡುತ್ತಾ ಇದ್ದರೆ ಮೊದಲು ಹತ್ತಿ ಹೋಗಬಹುದಾದ ಮೆಟ್ಟಿಲಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಚಿತ್ರ ತಲೆಕೆಳಗಾಗಿ ನೇತಾಡುವ ಮೆಟ್ಟಿಲಾಗುತ್ತದೆ. ಗೆರೆ ಬದಲಾಗಿಲ್ಲ, ನೋಡುವ ಮನಸ್ಸು ಮಗುಚಿಕೊಂಡಿದೆ. ನೆರಳು ಗಾಢವಾಗಿ ಬಿದ್ದ ಮೆಟ್ಟಿಲ ಫೋಟೋ ನಿಮ್ಮ ಹತ್ತಿರ ಇದ್ದರೆ ಸುಮ್ನೆ ಅದನ್ನು ತಲೆಕೆಳಗು ಮಾಡಿ ನೋಡಿ. ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ನಂಬಿಕೊಂಡಿರುತ್ತದೆ. ಹಾಗಾಗಿ ಎಷ್ಟೋ ಸಲ ತಗ್ಗು ಉಬ್ಬಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಬೆಳಕಿನ ಬಗ್ಗೆ ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಅಭ್ಯಾಸ ನನಗೆ ಗೊತ್ತಿಲ್ಲ.

ಮೆಟ್ಟಿಲಿಗೆ ಪಕ್ಕದಿಂದ ಬೀಳುವ ಬೆಳಕೇ ಬೇಕು, ತಗ್ಗಿನಲ್ಲಿ ಬರುವ ಬೆಳಕು. ಬೆಳಿಗ್ಗೆ ಇಲ್ಲವೇ ಸಂಜೆ, ಕಿಟಕಿಯಿಂದ ಓರೆಯಾಗಿ ಬಿದ್ದಾಗ ಪ್ರತಿ ಹಾಸಿನ ಅಂಚಿಗೂ ಒಂದು ಹೊಳಪಿನ ಗೆರೆ ಬರುತ್ತದೆ, ಅದರ ಕೆಳಗೆ ಒಂದು ನೆರಳಿನ ಪಟ್ಟಿ. ನಡು ಮಧ್ಯಾಹ್ನ ಹೊರಗಿನ ಮೆಟ್ಟಿಲು ತೆಗೆಯಲು ಹೋದರೆ ಹಾಸುಗಳೆಲ್ಲ ಬೆಳ್ಳಗೆ ಸುಟ್ಟು ಹೋಗುತ್ತವೆ. ಬಿಳಿ ಕಲ್ಲಿನ ಮೆಟ್ಟಿಲಾದರೆ ಇನ್ನೊಂದು ತೊಡಕು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ, ಬಿಳಿ ಕಲ್ಲು ಮಂಕಾಗುತ್ತದೆ. ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದು ಸ್ಟಾಪ್‌ನಷ್ಟು (ಎರಡು ಪಟ್ಟು) ಏರಿಸಿದರೆ ಕಲ್ಲು ಮತ್ತೆ ಬಿಳಿಯಾಗುತ್ತದೆ. ಒಳಗಿನ ಕತ್ತಲ ಮೆಟ್ಟಿಲಿಗೆ ಇದರ ಉಲ್ಟಾ. ಅಲ್ಲಿ ಇಳಿಸಬೇಕು. ಕತ್ತಲನ್ನು ಕತ್ತಲಾಗಿಯೇ ಬಿಡುವುದಕ್ಕೆ ಧೈರ್ಯ ಬೇಕು. ಮೊಬೈಲ್‌ಗಳು ಈಗೀಗ ನೆರಳನ್ನೆಲ್ಲ ತಾವಾಗಿಯೇ ಬೆಳಗಿಸಿ ಕೊಡುತ್ತವೆ. ನನಗೆ ಅದು ಇಷ್ಟವಿಲ್ಲ. ನೆರಳು ಹೋದರೆ ಮೆಟ್ಟಿಲೇ ಹೋಯಿತು.

ನಾನು ಜಾಸ್ತಿ ಹೊತ್ತು ಕಳೆದದ್ದು ಒಂದು ಹಳೆಯ ಕಟ್ಟಡದ ಕಲ್ಲಿನ ಮೆಟ್ಟಿಲುಗಳಲ್ಲಿ. ಮೂರು ಅಂತಸ್ತು, ಪ್ರತಿ ತಿರುವಿನಲ್ಲಿ ಒಂದು ಕಿಟಕಿ. ಅಲ್ಲಿ ಮೊದಲ ಲ್ಯಾಂಡಿಂಗ್‌ನ ಕೆಳಗಿನ ಮೆಟ್ಟಿಲೊಂದನ್ನು ಹತ್ತಿರದಿಂದ ನೋಡಿದೆ. ಅಂಚು ನೇರವಾಗಿರಲಿಲ್ಲ. ರೇಲಿಂಗ್ ಕಡೆಗೆ ಒಂದು ಗೇಣು ಬಿಟ್ಟು ಕಲ್ಲು ಬೊಗಸೆಯಂತೆ ತಗ್ಗಾಗಿತ್ತು. ತಗ್ಗಿನ ಒಳಗೆ ಕಲ್ಲು ನುಣುಪಾಗಿ ಹೊಳೆಯುತ್ತಿತ್ತು. ಆಚೆ ಗೋಡೆಯ ಹತ್ತಿರ ಅದೇ ಕಲ್ಲು ಇನ್ನೂ ಒರಟು, ಉಳಿಯ ಏಟಿನ ಸಣ್ಣ ಸಣ್ಣ ಗುರುತುಗಳು ಹಾಗೇ ಇದ್ದವು. ಗೋಡೆಯ ಕಡೆ ಯಾರೂ ಹತ್ತಿಲ್ಲ, ಯಾರೂ ಇಳಿದಿಲ್ಲ. ಎಲ್ಲರ ಕೈಗೂ ರೇಲಿಂಗ್ ಬೇಕಿತ್ತು, ಕಾಲು ಕೈಯ ಹಿಂದೆ ಹೋಗಿದೆ. ಬೆರಳಿನಿಂದ ಮುಟ್ಟಿ ನೋಡಿದರೆ ತಗ್ಗಿನ ಆಳ ಅಂಚಿನಲ್ಲೇ ಜಾಸ್ತಿ, ಹಿಂದಕ್ಕೆ ಹೋದ ಹಾಗೆ ಕಡಿಮೆ. ಇಳಿಯುವಾಗ ಪಾದದ ಭಾರ ಅಂಚಿನ ಮೇಲೆ ಬೀಳುತ್ತದೆ, ಅಲ್ಲೇ ಉಜ್ಜಿಕೊಂಡು ಮುಂದೆ ಜಾರುತ್ತದೆ.

ಸವೆತ ಒಂದು ಲೆಕ್ಕದ ಪುಸ್ತಕವೇ ಸರಿ. ಅಗಲವಾದ ಮೆಟ್ಟಿಲಿನಲ್ಲಿ ನಡುವೆ ಒಂದೇ ತಗ್ಗು ಇದ್ದರೆ ಜನ ಒಬ್ಬರ ಹಿಂದೆ ಒಬ್ಬರು ಓಡಾಡಿದ್ದಾರೆ ಅಂತ ಊಹಿಸಬಹುದು. ಪಕ್ಕಪಕ್ಕ ಎರಡು ತಗ್ಗು ಇದ್ದರೆ ಹತ್ತುವವರು ಒಂದು ಕಡೆ, ಇಳಿಯುವವರು ಒಂದು ಕಡೆ. ಲ್ಯಾಂಡಿಂಗ್‌ನ ಮೂಲೆಯಲ್ಲಿ ಸವೆದಿದ್ದರೆ ಅಲ್ಲಿ ಜನ ನಿಂತಿದ್ದಾರೆ, ತಿರುಗಿದ್ದಾರೆ. ಒಂದೇ ಒಂದು ಮುಖ ಕಾಣದಿದ್ದರೂ ಇದು ಜನರ ಫೋಟೋ.

ಇದನ್ನು ಮೊದಲೇ ಕಂಡುಕೊಂಡ ಒಬ್ಬರಿದ್ದರು. ಇಂಗ್ಲೆಂಡಿನ ಫ್ರೆಡರಿಕ್ ಎಚ್. ಇವಾನ್ಸ್. ಪುಸ್ತಕದ ಅಂಗಡಿ ನಡೆಸುತ್ತಿದ್ದವರು, ಆಮೇಲೆ ಫೋಟೋಗ್ರಫಿಗೆ ಬಂದವರು. 1903ರಲ್ಲಿ ವೆಲ್ಸ್ ಕಥೀಡ್ರಲ್ ಅನ್ನುವ ಹಳೆಯ ದೊಡ್ಡ ಚರ್ಚಿನ ಒಳಗಿನ ಮೆಟ್ಟಿಲುಗಳ ಫೋಟೋ ತೆಗೆದು ಅದಕ್ಕೆ 'ಮೆಟ್ಟಿಲುಗಳ ಸಮುದ್ರ' ಅನ್ನುವ ಅರ್ಥದ ಹೆಸರಿಟ್ಟರು. ನೂರಾರು ವರ್ಷ ಸವೆದ ಕಲ್ಲುಗಳು. ಬಲಗಡೆಗೆ ಒಂದು ಕವಲು ತಿರುಗಿಕೊಂಡು ಹೋಗುತ್ತದೆ. ಮೆಟ್ಟಿಲುಗಳೆಲ್ಲ ನಿಜವಾಗಿಯೂ ಅಲೆಯ ಹಾಗೆ ಏರಿ ಬಾಗಿವೆ. ಫೋಟೋದಲ್ಲಿ ಯಾರೂ ಇಲ್ಲ. ಇವಾನ್ಸ್ ನೆಗೆಟಿವ್ ತಿದ್ದುವುದನ್ನು ಒಪ್ಪುತ್ತಿರಲಿಲ್ಲ. ತಿದ್ದುವುದೇ ಕಲೆ ಅಂತ ಹಲವರು ವಾದಿಸುತ್ತಿದ್ದ ಕಾಲ ಅದು. ಸರಿಯಾದ ಬೆಳಕಿಗೆ ಕಾಯುವುದು, ಬಂದದ್ದನ್ನು ಹಾಗೇ ಅಚ್ಚು ಹಾಕುವುದು ಅವರ ದಾರಿ. ಆ ಫೋಟೋದಲ್ಲಿ ಕ್ಯಾಮೆರಾ ಬುಡದಲ್ಲಿದೆ, ಬೆಳಕು ಮೇಲೆ ಬಾಗಿಲ ಆಚೆ ಇದೆ. ಕಣ್ಣು ತಾನಾಗಿಯೇ ಹತ್ತಿಕೊಂಡು ಹೋಗುತ್ತದೆ. ಮೆಟ್ಟಿಲ ಫೋಟೋಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮೆಟ್ಟಿಲಿನ ಅಳತೆಗೂ ನೋಟಕ್ಕೂ ಒಂದು ಸಂಬಂಧ ಇದೆ. 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ ಒಂದು ಸರಳ ಸೂತ್ರ ಕೊಟ್ಟರು. ಮೆಟ್ಟಿಲಿನ ಎತ್ತರವನ್ನು ಎರಡು ಪಟ್ಟು ಮಾಡಿ ಹಾಸಿನ ಅಗಲ ಸೇರಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು ಬರಬೇಕು. ಇಂದಿನ ಲೆಕ್ಕದಲ್ಲಿ 60ರಿಂದ 65 ಸೆಂಟಿಮೀಟರ್. ಎತ್ತರ 17, ಹಾಸು 29 ಇದ್ದರೆ 63 ಆಯಿತು, ಹತ್ತಲು ಹಿತ. ಇದಕ್ಕಿಂತ ಮುಖ್ಯವಾದದ್ದು ಎಲ್ಲ ಮೆಟ್ಟಿಲೂ ಒಂದೇ ಅಳತೆ ಇರುವುದು. ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೂ ಜನ ಎಡವುತ್ತಾರೆ. ಮೊದಲ ಒಂದೆರಡು ಮೆಟ್ಟಿಲಲ್ಲೇ ಕಾಲು ಅಳತೆ ಕಲಿತುಬಿಡುತ್ತದೆ, ಆಮೇಲೆ ಅದೇ ನಂಬಿಕೆಯ ಮೇಲೆ ನಡೆಯುತ್ತದೆ.

ಹೊಸ ಕಟ್ಟಡಗಳಲ್ಲಿ ಇದನ್ನು ನೋಡಿ. ಮೆಟ್ಟಿಲುಗಳು ಒಂದೇ ಅಳತೆ. ಜನ ಮಾತಾಡಿಕೊಂಡು, ಮೊಬೈಲ್ ನೋಡಿಕೊಂಡು ಇಳಿಯುತ್ತಾರೆ. ಹಾಗೆ ಮಾಡಬಾರದು ನಿಜ, ಆದರೂ ಮಾಡುತ್ತಾರೆ. ಹಳೆಯ ಕಟ್ಟಡದಲ್ಲಿ, ಸವೆದ ಕಲ್ಲಿನ ಮೇಲೆ, ಅವರೇ ಗಂಭೀರವಾಗುತ್ತಾರೆ. ಮಾತು ನಿಲ್ಲುತ್ತದೆ. ಬೆರಳು ರೇಲಿಂಗ್ ಹುಡುಕುತ್ತದೆ, ಕಣ್ಣು ಕಲ್ಲಿಗೆ ಅಂಟುತ್ತದೆ. ಫೋಟೋಗೆ ಇದು ತುಂಬಾ ಬೆಲೆಬಾಳುವ ಸಂಗತಿ. ನೀವು ಮುಖದ ಮೇಲೆ ಏಕಾಗ್ರತೆ ಬೇಕು ಅಂತ ಹುಡುಕುತ್ತಿದ್ದರೆ ಒರಟು ಮೆಟ್ಟಿಲಿಗೆ ಹೋಗಿ. ಅಲ್ಲಿ ಯಾರೂ ಪೋಸ್ ಕೊಡುವುದಿಲ್ಲ, ಕೊಡಲು ಆಗುವುದೂ ಇಲ್ಲ.

ಸುರುಳಿ ಮೆಟ್ಟಿಲಿನ ಬಗ್ಗೆ ಒಂದೆರಡು ಮಾತು ಸಾಕು. ಸವಾಲಿಗೆ ಜಾಸ್ತಿ ಬರುವುದು ಅವೇ. ನಡುವೆ ಬಾವಿಯ ಹಾಗಿರುವ ಖಾಲಿ ಜಾಗದಲ್ಲಿ ನಿಂತು ನೇರ ಮೇಲಕ್ಕೆ ತೆಗೆದ ಶಂಖದ ಆಕಾರ. ಚೆನ್ನಾಗಿಯೇ ಇರುತ್ತದೆ. ಮೊಬೈಲ್ ಅನ್ನು ಪರದೆ ಮೇಲಾಗಿ ನೆಲದ ಮೇಲಿಟ್ಟು, ಮುಂದಿನ ಕ್ಯಾಮೆರಾದಲ್ಲಿ ಟೈಮರ್ ಹಾಕಿದರೆ ಕೈ ಅಲುಗುವುದೂ ಇಲ್ಲ, ನಿಮ್ಮ ತಲೆ ಅಡ್ಡ ಬರುವುದೂ ಇಲ್ಲ. ಮೇಲಿನ ಗಾಜಿನ ಬೆಳಕಿಗೆ ಎಕ್ಸ್‌ಪೋಷರ್ ಹೊಂದಿಸಿ, ಉಳಿದದ್ದು ಕಪ್ಪಾದರೆ ಆಗಲಿ. ಆದರೆ ಅಲ್ಲಿ ಸುರುಳಿಯೇ ಎಲ್ಲ ಕೆಲಸ ಮಾಡುತ್ತದೆ, ತೆಗೆಯುವವರಿಗೆ ಉಳಿಯುವುದು ಕಡಿಮೆ. ಅದಕ್ಕೇ ಆ ಫೋಟೋಗಳೆಲ್ಲ ಒಬ್ಬರೇ ತೆಗೆದ ಹಾಗೆ ಇರುತ್ತವೆ.

ನನ್ನನ್ನು ಹಿಡಿದು ನಿಲ್ಲಿಸುವ ಸುರುಳಿ ಬೇರೆ. ಫ್ರಾನ್ಸಿನ ಶಾಂಬೋರ್ ಕೋಟೆಯದು. 1519ರಲ್ಲಿ ಕಟ್ಟಲು ಶುರುವಾದ ಅರಮನೆ ಅದು. ಅದರ ನಡುವೆ ಒಂದರೊಳಗೊಂದು ಹೆಣೆದುಕೊಂಡ ಎರಡು ಸುರುಳಿ ಮೆಟ್ಟಿಲುಗಳಿವೆ. ಒಬ್ಬರು ಒಂದರಲ್ಲಿ ಹತ್ತಿ, ಇನ್ನೊಬ್ಬರು ಇನ್ನೊಂದರಲ್ಲಿ ಇಳಿದರೆ ಎದುರಾಗುವುದೇ ಇಲ್ಲ. ಆದರೆ ನಡುವಿನ ಕಂಬದಲ್ಲಿ ಕಿಂಡಿಗಳಿವೆ. ಆ ಕಿಂಡಿಗಳಿಂದ ಒಬ್ಬರಿಗೊಬ್ಬರು ಕಾಣುತ್ತಾರೆ. ಕಾಣಬಹುದು, ಸೇರಲಾಗದು. ಇಡೀ ಮೆಟ್ಟಿಲನ್ನೇ ಹೀಗೆ ಕಣ್ಣಿಗಾಗಿ ಕಟ್ಟಿದ್ದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಮೆಟ್ಟಿಲ ಮೇಲೆ ಮನುಷ್ಯರನ್ನು ತೆಗೆಯುವಾಗ ನನ್ನ ಮನಸ್ಸಿನಲ್ಲಿ ಎರಡು ಫೋಟೋ ಇರುತ್ತವೆ. ಒಂದು, ಹೆನ್ರಿ ಕಾರ್ಟಿಯೇ-ಬ್ರೆಸ್ಸೋನ್ 1932ರಲ್ಲಿ ಫ್ರಾನ್ಸಿನ ಇಯೇರ್ ಊರಿನಲ್ಲಿ ತೆಗೆದದ್ದು. ಮೇಲಿನಿಂದ ನೋಡಿದ ಸುತ್ತಿಕೊಂಡ ಮೆಟ್ಟಿಲು, ಅದರ ಕಬ್ಬಿಣದ ಕಟಕಟೆ, ಕೆಳಗೆ ಬಾಗಿದ ರಸ್ತೆ. ಆ ರಸ್ತೆಯ ತಿರುವಿನಲ್ಲಿ ಮಸುಕಾಗಿ ಹಾದುಹೋಗುವ ಒಬ್ಬ ಸೈಕಲ್ ಸವಾರ. ಮೆಟ್ಟಿಲಿನ ಮೇಲೆ ಯಾರೂ ಇಲ್ಲ. ಆದರೂ ಮೆಟ್ಟಿಲ ಬಾಗು, ರಸ್ತೆಯ ಬಾಗು, ಸೈಕಲ್‌ನ ಓಟ ಒಂದಕ್ಕೊಂದು ಕೂಡಿಕೊಂಡಿವೆ. ಇನ್ನೊಂದು, ಸೋವಿಯತ್ ಕಲಾವಿದ ಅಲೆಕ್ಸಾಂಡರ್ ರೋಡ್ಚೆಂಕೊ 1930ರ ಹೊತ್ತಿಗೆ ತೆಗೆದದ್ದು. ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತುತ್ತಿರುವ ಹೆಂಗಸು. ಕ್ಯಾಮೆರಾ ಓರೆ. ಮೆಟ್ಟಿಲಿನ ನೆರಳುಗಳು ಮೂಲೆಯಿಂದ ಮೂಲೆಗೆ ಕಪ್ಪು ಪಟ್ಟಿಗಳಾಗಿ ಓಡುತ್ತವೆ, ಆಕೆ ಅವನ್ನು ಒಂದೊಂದಾಗಿ ದಾಟುತ್ತಿದ್ದಾಳೆ. ಎರಡರಲ್ಲೂ ಯಾರೂ ನಮ್ಮನ್ನು ನೋಡುವುದಿಲ್ಲ. ನೋಡುವವರು ನಾವು ಮಾತ್ರ.

ಇಂಥದ್ದಕ್ಕೆ ಕೈಕೆಲಸ ತುಂಬಾ ಸರಳ. ಮೊದಲು ಚೌಕಟ್ಟು ಗಟ್ಟಿ ಮಾಡಿಕೊಳ್ಳಬೇಕು. ಆಮೇಲೆ ಯಾರಾದರೂ ಬರುವವರೆಗೆ ಕಾಯಬೇಕು. ನಡೆಯುವವರ ಪಾದ ಗಾಳಿಯಲ್ಲಿ ನಿಲ್ಲಬೇಕಾದರೆ ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ. ಮನುಷ್ಯ ಮಸುಕಾಗಿ, ಮೆಟ್ಟಿಲು ಚೂಪಾಗಿ ಬರಬೇಕಾದರೆ 1/15ರ ಸುತ್ತಮುತ್ತ, ಕ್ಯಾಮೆರಾವನ್ನು ರೇಲಿಂಗ್‌ಗೆ ಒರಗಿಸಿ. ನನಗೆ ಎರಡನೆಯದೇ ಹೆಚ್ಚು ಇಷ್ಟ. ಕಲ್ಲು ಉಳಿಯುತ್ತದೆ, ಜನ ಹಾದುಹೋಗುತ್ತಾರೆ. ಫೋಟೋದಲ್ಲಿ ಅದು ಹಾಗೇ ಬರುತ್ತದೆ, ವಿವರಿಸಬೇಕಿಲ್ಲ.

ಈಗ ನೋಟದ ಕಡೆ ಬರುತ್ತೇನೆ. ನಮ್ಮ ಕಣ್ಣಿನ ಬಿಳಿ ಭಾಗ ಇಷ್ಟು ಹೊರಗೆ ಕಾಣುವುದೇ ಒಂದು ವಿಶೇಷ. ಜಪಾನಿನ ಸಂಶೋಧಕರಾದ ಕೊಬಯಾಶಿ ಮತ್ತು ಕೊಹ್ಶಿಮಾ 1997ರಲ್ಲಿ ಹಲವು ಜಾತಿಯ ಮಂಗ, ವಾನರಗಳ ಕಣ್ಣುಗಳನ್ನು ಅಳೆದು ಹೋಲಿಸಿದರು. ಅವುಗಳಲ್ಲಿ ಬಿಳಿ ಭಾಗ ಅತಿ ಹೆಚ್ಚು ತೆರೆದು ಕಾಣುವುದು ಮನುಷ್ಯರಲ್ಲಿ. ಯಾರು ಎಲ್ಲಿ ನೋಡುತ್ತಿದ್ದಾರೆ ಅಂತ ನಮಗೆ ದೂರದಿಂದಲೇ ತಿಳಿಯುವುದು ಅದರಿಂದ. ಮೆಟ್ಟಿಲ ಮೇಲೆ ಇದು ಇನ್ನೂ ಸ್ಪಷ್ಟ. ಕೆಳಗೆ ನಿಂತವರು ಕಣ್ಣೆತ್ತಿ ನೋಡಿದರೆ ಕರಿಗುಡ್ಡೆಯ ಕೆಳಗೆ ಬಿಳಿಯ ಒಂದು ಕಮಾನು ಕಾಣುತ್ತದೆ. ಮೇಲಿನ ಕಿಟಕಿಯ ಬೆಳಕು ಕಣ್ಣಿನಲ್ಲಿ ಚುಕ್ಕಿಯಾಗಿ ಹೊಳೆಯುತ್ತದೆ. ಮೇಲೆ ನಿಂತವರು ಕೆಳಗೆ ನೋಡಿದರೆ ರೆಪ್ಪೆ ಅರ್ಧ ಮುಚ್ಚುತ್ತದೆ, ಹೊಳಪು ಆರುತ್ತದೆ. ಮೇಲಿನಿಂದ ತೆಗೆದ ಮುಖ ಕೇಳುವಂತೆ ಇರುತ್ತದೆ, ಕೆಳಗಿನಿಂದ ತೆಗೆದ ಮುಖ ಹೇಳುವಂತೆ. ಅದೇ ಮನುಷ್ಯ, ಅದೇ ಮನಸ್ಥಿತಿ. ಬದಲಾದದ್ದು ನಾಲ್ಕು ಮೆಟ್ಟಿಲು.

ಫೋಟೋದ ಕಣ್ಣು ಎಲ್ಲಿ ನಿಂತು ನೋಡಿದರೂ ನಮ್ಮನ್ನೇ ನೋಡುತ್ತದಲ್ವಾ? ಇದನ್ನು 1824ರಲ್ಲೇ ವಿಲಿಯಂ ಹೈಡ್ ವೊಲಾಸ್ಟನ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಪರೀಕ್ಷಿಸಿದ್ದರು. ಬರೆದ ಒಂದು ಜೊತೆ ಕಣ್ಣುಗಳನ್ನು ಹಾಗೇ ಇಟ್ಟುಕೊಂಡು, ಅದರ ಕೆಳಗಿನ ಮೂಗು ಮತ್ತು ಮುಖವನ್ನು ಮಾತ್ರ ಬೇರೆ ದಿಕ್ಕಿಗೆ ತಿರುಗಿದ ಹಾಗೆ ಬದಲಾಯಿಸಿ ತೋರಿಸಿದರು. ಕಣ್ಣು ಒಂದಿಷ್ಟೂ ಬದಲಾಗದಿದ್ದರೂ ನೋಟದ ದಿಕ್ಕು ಬದಲಾದ ಹಾಗೆ ಕಂಡಿತು. ಅಂದರೆ ನೋಟ ಕಣ್ಣಿನಲ್ಲಿ ಮಾತ್ರ ಇಲ್ಲ, ಇಡೀ ಮುಖದಲ್ಲಿದೆ. ಇದನ್ನು ಓದಿದ ಮೇಲೆ ನಾನು ಬರೀ ಕಣ್ಣಿನ ಕ್ಲೋಸಪ್ ತೆಗೆಯುವುದರಲ್ಲಿ ಆಸಕ್ತಿ ಕಳೆದುಕೊಂಡೆ. ಮುಖ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇದ್ದಾಗಲೇ ನೋಟಕ್ಕೆ ಬಿಗಿ ಬರುತ್ತದೆ. ಮೆಟ್ಟಿಲಿನಲ್ಲಿ ಅದು ತಾನಾಗಿಯೇ ಆಗುತ್ತದೆ. ದೇಹ ಮೆಟ್ಟಿಲ ದಿಕ್ಕಿಗೆ, ಕುತ್ತಿಗೆ ಅರ್ಧ ತಿರುಗಿ, ಕಣ್ಣು ನಮ್ಮ ಕಡೆ.

ನಿಜಜೀವನದಲ್ಲಿ ಯಾರೂ ಜಾಸ್ತಿ ಹೊತ್ತು ಹಾಗೆ ನೋಡುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಲಂಡನ್ನಿನ ವಿಜ್ಞಾನ ಮ್ಯೂಸಿಯಮ್ಮಿಗೆ ಬಂದ ಸುಮಾರು 500 ಜನರಿಗೆ ಪರದೆಯ ಮೇಲೆ ತಮ್ಮನ್ನೇ ನೋಡುವ ಮುಖಗಳನ್ನು ತೋರಿಸಿದರು. ಎಷ್ಟು ಹೊತ್ತಿನ ನೋಟ ಹಿತ ಅಂತ ಕೇಳಿದರು. ಸರಾಸರಿ 3.3 ಸೆಕೆಂಡ್ ಬಂತು. ಮೂರು ಸೆಕೆಂಡ್ ಚಿಲ್ಲರೆ ಅಷ್ಟೇ. ಫೋಟೋದಲ್ಲಿ ಆ ನೋಟ ಮುಗಿಯುವುದೇ ಇಲ್ಲ. ಒಬ್ಬರು ಸೆಕೆಂಡಿನ ಒಂದು ಚೂರು ಹೊತ್ತು ನನಗೆ ಕೊಟ್ಟ ನೋಟವನ್ನು ನಾನು ಗುರುತಿಲ್ಲದ ಜನರ ಮುಂದೆ ಎಷ್ಟು ಹೊತ್ತು ಬೇಕಾದರೂ ಇಡಬಹುದು. ಈ ಮಾತು ನನಗೆ ಹಗುರವಾಗಿ ಕಾಣುವುದಿಲ್ಲ.

ದಿಟ್ಟ ನೋಟ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಫೋಟೋ. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ತೆಗೆದದ್ದು, 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನ ಮುಖಪುಟದಲ್ಲಿ ಬಂತು. ಆಕೆಯ ಹೆಸರು ಶರ್ಬತ್ ಗುಲಾ ಅಂತ ಜಗತ್ತಿಗೆ ಗೊತ್ತಾಗಿದ್ದು 2002ರಲ್ಲಿ. ಫೋಟೋ ತೆಗೆದಾಗ ತನಗೆ ಸಿಟ್ಟು ಬಂದಿತ್ತು ಅಂತ ಆಕೆ ನೆನಪಿಸಿಕೊಂಡರು. ಅದಕ್ಕೂ ಮೊದಲು ಯಾರೂ ಆಕೆಯ ಫೋಟೋ ತೆಗೆದಿರಲಿಲ್ಲ, ತೆಗೆದವರು ಅಪರಿಚಿತರು. ನಾವೆಲ್ಲ ಆ ಕಣ್ಣಿನಲ್ಲಿ ಏನೇನೋ ಓದಿದೆವು. ಅಲ್ಲಿದ್ದದ್ದು ನೇರವಾದ ಸಿಟ್ಟು. ಇದಕ್ಕೆ ಹೋಲಿಸಿದರೆ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಫೋಟೋ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ಮಕ್ಕಳಿಬ್ಬರು ಮುಖ ಆಚೆ ತಿರುಗಿಸಿಕೊಂಡಿದ್ದಾರೆ. ತಾಯಿ ನಮ್ಮನ್ನು ನೋಡುತ್ತಿಲ್ಲ, ಎಲ್ಲೋ ದೂರ ನೋಡುತ್ತಿದ್ದಾಳೆ. ಆಕೆಯ ಮುಂದಿನ ಮೆಟ್ಟಿಲು ಅಲ್ಲೆಲ್ಲೋ ಇದೆ.

ಅದೇ ಹಳೆಯ ಕಟ್ಟಡದಲ್ಲಿ ನಾನು ಎರಡನೆಯ ಲ್ಯಾಂಡಿಂಗ್‌ನಲ್ಲಿ ನಿಂತಿದ್ದಾಗ ಒಬ್ಬ ಮಹಿಳೆ ಕೆಳಗಿನಿಂದ ಹತ್ತಿ ಬರುತ್ತಿದ್ದರು. ಒಂದು ಕೈಯಲ್ಲಿ ಕಾಗದಪತ್ರಗಳ ಚೀಲ, ಇನ್ನೊಂದು ಕೈ ರೇಲಿಂಗ್ ಮೇಲೆ. ಪ್ರತಿ ಮೆಟ್ಟಿಲಿಗೂ ಮೊದಲು ಕೈ ಮುಂದೆ ಸರಿಯುತ್ತಿತ್ತು, ಆಮೇಲೆ ಕಾಲು. ಕಣ್ಣು ಕಲ್ಲಿನ ಮೇಲೆ. ತಿರುವಿನ ಹತ್ತಿರ ನಿಂತು ಚೀಲವನ್ನು ಮೆಟ್ಟಿಲ ಮೇಲಿಟ್ಟರು, ಉಸಿರು ಎಳೆದುಕೊಂಡರು, ಇನ್ನೆಷ್ಟು ಇದೆ ಅಂತ ತಲೆ ಎತ್ತಿದರು. ಅಲ್ಲಿ ನಾನಿದ್ದೆ. ಕಿಟಕಿಯ ಬೆಳಕು ಅವರ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಮೊದಲು ಆ ಕಣ್ಣು ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಮೆಟ್ಟಿಲುಗಳನ್ನು ಎಣಿಸುತ್ತಿತ್ತು. ಆಮೇಲೆ ನನ್ನ ಮೇಲೆ ನಿಂತಿತು. ಆ ಎರಡರ ನಡುವೆ ಕ್ಲಿಕ್ ಆಯಿತು.

ಕೆಳಗಿಳಿದು ಹೋಗಿ ಫೋಟೋ ತೋರಿಸಿದೆ. ಯಾಕೆ ತೆಗೆದೆ, ಎಲ್ಲಿ ಕಳಿಸಬೇಕು ಅಂತಿದ್ದೇನೆ ಅಂತ ಹೇಳಿದೆ. ಬೇಡ ಅಂದರೆ ಈಗಲೇ ಅಳಿಸುತ್ತೇನೆ ಅಂದೆ. ಅವರು ಪರದೆಯ ಮೇಲೆ ತಮ್ಮ ಮುಖವನ್ನು ದೊಡ್ಡದು ಮಾಡಿ ನೋಡಿದರು. "ಇಷ್ಟೊಂದು ಸುಸ್ತಾಗಿದ್ದೀನಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಳಿಸಿ, ಹೆಸರು ಮಾತ್ರ ಬೇಡ" ಅಂದರು. ಚೀಲ ನಾನು ಎತ್ತಿಕೊಂಡು ಮೇಲಿನವರೆಗೆ ಬಂದೆ. ಅವರು ಹತ್ತುವಾಗ ಮತ್ತೆ ಕಲ್ಲನ್ನೇ ನೋಡುತ್ತಿದ್ದರು.

ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ತೆಗೆದು ಕೇಳಬಹುದಲ್ಲ? ಅಮೆರಿಕದ ಫೋಟೋಗ್ರಾಫರ್ ವಾಕರ್ ಇವಾನ್ಸ್ (ಕಥೀಡ್ರಲ್ ಮೆಟ್ಟಿಲಿನ ಇವಾನ್ಸ್ ಬೇರೆ) 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟು ಎದುರಿನವರ ಫೋಟೋ ತೆಗೆದರು. ಅದ್ಭುತವಾದ ಮುಖಗಳು. ಆದರೂ ಆ ಫೋಟೋಗಳನ್ನು ನೋಡುವಾಗ ನನಗೆ ಒಂದು ಕಡೆ ಚುಚ್ಚುತ್ತದೆ. ಅವರು ಅದನ್ನು ಪುಸ್ತಕವಾಗಿ ತಂದದ್ದು 1966ರಲ್ಲಿ, ಅಷ್ಟು ವರ್ಷ ತಡೆದು. ಹವ್ಯಾಸಿಗಳಾದ ನಮಗೆ ಒಂದು ಫೋಟೋ ಹೋದರೆ ಹೊಟ್ಟೆಪಾಡೇನೂ ಹೋಗುವುದಿಲ್ಲ. ಹಾಗಾಗಿ ಕೇಳಲು ನಮಗೆ ಅವರೆಲ್ಲರಿಗಿಂತ ಹೆಚ್ಚು ಬಿಡುವಿದೆ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಕೇಳದೆ ತೆಗೆಯಲೇಬಾರದು ಅನ್ನುವುದು ನನ್ನ ಗಟ್ಟಿ ಮಾತು.

ಸವಾಲಿಗೆ ಆ ಫೋಟೋವನ್ನೇ ಕಳಿಸಿದೆ. ಮೆಟ್ಟಿಲು ಅನ್ನುವ ವಿಷಯದ ಕೆಳಗೆ. ಕಪ್ಪು ಬಿಳುಪು ಮಾಡಿ ನೋಡಿದ್ದೆ, ನೆರಳಿನ ಪಟ್ಟಿಗಳು ಚೆನ್ನಾಗಿಯೇ ಬಂದವು. ಆದರೆ ರೇಲಿಂಗ್‌ನ ಹಸಿರು ಬಣ್ಣ ಕೈ ಹಿಡಿಯುವಲ್ಲೆಲ್ಲ ಸವೆದು ಒಳಗಿನ ಮರ ಕಾಣುತ್ತಿತ್ತು. ಅದು ಕಪ್ಪು ಬಿಳುಪಿನಲ್ಲಿ ಕಳೆದುಹೋಗುತ್ತಿತ್ತು, ಹಾಗಾಗಿ ಬಣ್ಣದಲ್ಲೇ ಉಳಿಸಿಕೊಂಡೆ. ಮೇಲಿನ ಅಂಚಿನಲ್ಲಿ ಕಿಟಕಿಯ ಚೂರು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು, ಅಷ್ಟನ್ನು ಕತ್ತರಿಸಿದೆ. ಮುಖವನ್ನು ನಡುವಿಗೆ ತರಲಿಲ್ಲ. ಕೆಳಗಿನ ಎಡ ಮೂಲೆಯ ಹತ್ತಿರವೇ ಬಿಟ್ಟೆ. ಅವರು ಇನ್ನೂ ಹತ್ತಬೇಕಾದ ಮೆಟ್ಟಿಲುಗಳು ಅವರ ಮುಖ ಮತ್ತು ನಮ್ಮ ನಡುವೆ ಇರಬೇಕು ಅಂತ.

ನೀವೂ ಈ ವಿಷಯಕ್ಕೆ ಫೋಟೋ ತೆಗೆಯುವುದಾದರೆ ಲ್ಯಾಂಡಿಂಗ್‌ನಿಂದ ಶುರು ಮಾಡಿ. ಒಂದು ಅರ್ಧ ಸಾಲು ಮೇಲೆ, ಗೋಡೆಗೆ ಒರಗಿ, ದಾರಿಗೆ ಅಡ್ಡವಾಗದ ಹಾಗೆ ನಿಲ್ಲಿ. ಕಿಟಕಿ ನಿಮ್ಮ ಪಕ್ಕಕ್ಕಿರಲಿ. ಫೋಕಸ್ ಅನ್ನು ಜನ ನಿಲ್ಲುವ ಜಾಗದ ರೇಲಿಂಗ್ ಮೇಲೆ ಮೊದಲೇ ಹಿಡಿದಿಟ್ಟುಕೊಳ್ಳಿ. ಶಟರ್‌ನ ಸದ್ದು ನಿಲ್ಲಿಸಬೇಡಿ, ಅವರಿಗೆ ಅದು ಕೇಳಿಸಲಿ.